ಟ್ಯೂಸ್‌ಡೇ ಜಂಡಲ್ಸ್‌ನ ಕಿವಿಯೊಳಗೆ ಹನ್ನೊಂದು ವರ್ಷ

ಹಾಡುವವರಿಗೆ ಅವರ ಹಾಡು ಕೇಳಿಸುವಂತೆ ಮಾಡುವುದು ನನ್ನ ಕೆಲಸವಾಗಿತ್ತು. ಹೀಗೆಂದರೆ ಜನ ನಗುತ್ತಾರೆ. ಹಾಡುವವರಿಗೆ ತಮ್ಮದೇ ದನಿ ಕೇಳುವುದಿಲ್ಲವೇ ಎನ್ನುತ್ತಾರೆ. ಕೇಳುವುದಿಲ್ಲ. ಬೆನ್ನ ಹಿಂದೆ ಡ್ರಮ್ಸ್, ಪಕ್ಕದಲ್ಲಿ ಗಿಟಾರ್, ಎದುರಿಗೆ ಸಾವಿರಾರು ಜನ ಕೂಗುತ್ತಿರುವಾಗ ತನ್ನ ಗಂಟಲಿನಿಂದ ಹೊರಟ ಸ್ವರ ಯಾವುದೆಂದು ಹಾಡುವವರಿಗೇ ತಿಳಿಯುವುದಿಲ್ಲ. ಅದಕ್ಕಾಗಿ ವೇದಿಕೆಯ ಮಗ್ಗುಲಲ್ಲಿ, ಜನರ ಕಣ್ಣಿಗೆ ಬೀಳದ ಜಾಗದಲ್ಲಿ, ಒಬ್ಬ ಸದ್ದು ಬೆರೆಸುವ ಮಿಕ್ಸರ್ ಯಂತ್ರ ಇಟ್ಟುಕೊಂಡು ನಿಂತಿರುತ್ತಾನೆ. ಯಾರಿಗೆ ಯಾವ ವಾದ್ಯ ಎಷ್ಟು ಕೇಳಬೇಕೋ ಅಷ್ಟನ್ನು ಕಳಿಸುತ್ತಾನೆ. ಅವನೇ ಮಾನಿಟರ್ ಎಂಜಿನಿಯರ್. ಸಭಿಕರಿಗೆ ಕೇಳುವ ಸದ್ದನ್ನು ನೋಡಿಕೊಳ್ಳುವವನು ಬೇರೆ. ಅವನು ಜನರ ನಡುವೆ ನಿಂತಿರುತ್ತಾನೆ, ಹೊಗಳಿಕೆಯೂ ಅವನಿಗೇ ಹೋಗುತ್ತದೆ. ನಮ್ಮ ಕೆಲಸವನ್ನು ಟಿಕೆಟ್ ಕೊಂಡು ಬಂದ ಯಾರೂ ಕೇಳುವುದಿಲ್ಲ.

ಈ ಸಲ ಹ್ಯಾಮಿಲ್ಟನ್ನಿನ ಕನ್ನಡಿಗರ ಯುಗಾದಿ ಊಟದಲ್ಲಿ ಇಬ್ಬರು ಹುಡುಗಿಯರು ಪಕ್ಕಕ್ಕೆ ಬಂದು ಕೂತರು. "ಅಂಕಲ್, ನಾವು ಈ ಲೈನಿಗೆ ಬರ್ಬೇಕು ಅಂತಿದೀವಿ. ಏನ್ ಕೋರ್ಸ್ ಮಾಡಿದ್ರೆ ಒಳ್ಳೇದು?" ಎಂದರು. ಹೋಳಿಗೆ ತಿನ್ನುತ್ತಾ ಯಾವುದೋ ಕೋರ್ಸಿನ ಹೆಸರು ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ, ಹೇಳಬೇಕಾಗಿದ್ದದ್ದು ಅದಲ್ಲ ಅನ್ನಿಸಿತು. ಅವರಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ರೇಡಿಯೊ, ಟೀವಿ ರಿಪೇರಿ ಮಾಡಿಕೊಂಡಿದ್ದವನು. ಹೆಂಡತಿ ಸುಮಾ ನರ್ಸ್. ಅವಳ ಕೆಲಸದ ಹಿಂದೆ ನಾನು ಕ್ರೈಸ್ಟ್‌ಚರ್ಚಿಗೆ ಬಂದೆ. ಹಾರ್ನ್‌ಬಿ ಬಡಾವಣೆಯ ಗೋದಾಮುಗಳ ನಡುವೆ, ಸ್ಪೀಕರ್ ಬಾಡಿಗೆಗೆ ಕೊಡುವ ಒಂದು ಅಂಗಡಿಯಲ್ಲಿ ಸುಟ್ಟುಹೋದ ಆಂಪ್ಲಿಫೈಯರ್ ಸರಿಮಾಡುವ ಕೆಲಸ ಸಿಕ್ಕಿತು. ಅಲ್ಲಿಯ ಯಜಮಾನ ಗ್ರೇಮ್ ರಾಘವೇಂದ್ರ ಎನ್ನಲು ಬಾರದೆ ಮೊದಲ ದಿನವೇ ನನ್ನನ್ನು ರ‍್ಯಾಗ್ಸ್ ಮಾಡಿದ. ಹರಕು ಬಟ್ಟೆ ಎಂದು ಅದರ ಅರ್ಥ. ನಿವೃತ್ತನಾಗುವವರೆಗೂ ಅದೇ ಹೆಸರಲ್ಲಿ ದುಡಿದೆ.

ಮಾನಿಟರ್ ಕೆಲಸಕ್ಕೆ ಬಿದ್ದದ್ದು ಆಕಸ್ಮಿಕವಾಗಿ. ಊರಾಚೆಯ ಒಂದು ಕೃಷಿ ಮೇಳದಲ್ಲಿ ಆ ಕೆಲಸದವನು ಜ್ವರ ಬಂದು ಮಲಗಿದ್ದ. ಗ್ರೇಮ್ ನನ್ನನ್ನು ಮಿಕ್ಸರ್ ಮುಂದೆ ನಿಲ್ಲಿಸಿ, "ಅವರು ಕೇಳಿದ್ದನ್ನ ಕೊಡು, ಅಷ್ಟೇ," ಎಂದು ಹೊರಟುಹೋದ. ಹಾಡುತ್ತಿದ್ದ ಹಿರಿಯರೊಬ್ಬರು ತಮ್ಮ ದನಿ ಸಾಲದು ಎಂದು ಬೆರಳು ಮೇಲೆತ್ತಿದರು. ಏರಿಸಿದೆ. ಮತ್ತೆ ಎತ್ತಿದರು. ಮತ್ತೆ ಏರಿಸಿದೆ. ನಾಲ್ಕನೆಯ ಸಲ ಸ್ಪೀಕರ್ ಎಂಥ ಕಿರುಚು ಕಿರುಚಿತೆಂದರೆ, ಪಕ್ಕದ ಅಂಕಣದಲ್ಲಿ ಬಹುಮಾನ ಗೆದ್ದು ನಿಂತಿದ್ದ ಕುದುರೆ ರಿಬ್ಬನ್ ಸಮೇತ ಓಡಿಹೋಯಿತು. ಅದನ್ನು ಹಿಡಿದು ತರಲು ಅರ್ಧ ಗಂಟೆ ಬೇಕಾಯಿತು.

ಗ್ರೇಮ್ ಬೈಯಲಿಲ್ಲ. ಎಲ್ಲ ಮುಗಿದ ಮೇಲೆ ಮಿಕ್ಸರ್ ಹತ್ತಿರ ಕರೆದು, ಹಾಡುವವನ ದನಿಯನ್ನು ಮುಟ್ಟದೆ ಉಳಿದ ವಾದ್ಯಗಳನ್ನೆಲ್ಲ ಒಂದಿಷ್ಟು ಇಳಿಸಿ ತೋರಿಸಿದ. ದನಿ ತಾನಾಗಿ ಮುಂದೆ ಬಂತು. "ನಾನು ಸಾಲದು ಅಂತ ಯಾರಾದರೂ ಅಂದರೆ, ಅವರ ಸುತ್ತ ಏನು ಜಾಸ್ತಿಯಾಗಿದೆ ಅಂತ ಮೊದಲು ನೋಡು," ಎಂದ. ಆ ಒಂದು ಮಧ್ಯಾಹ್ನದಲ್ಲಿ ಕಲಿತದ್ದರಲ್ಲೇ ನನ್ನ ಅರ್ಧ ವೃತ್ತಿ ನಡೆಯಿತು.

ಆಗೆಲ್ಲ ಹಾಡುವವರ ಕಾಲ ಬಳಿ ವಾರೆಯಾಗಿ ಸ್ಪೀಕರ್ ಇಡುತ್ತಿದ್ದೆವು. ಒಬ್ಬನಿಗೆ ಇಟ್ಟದ್ದು ಪಕ್ಕದವನಿಗೂ ಕೇಳುತ್ತಿತ್ತು. ಬೇಡದಿದ್ದರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಲೇಬೇಕಿತ್ತು. ಆಮೇಲೆ ಕಿವಿಯೊಳಗೇ ಕೂರುವ ಸಣ್ಣ ಇಯರ್‌ಫೋನ್ ಬಂದವು. ಪ್ರತಿಯೊಬ್ಬರಿಗೂ ಬೇರೆ ಬೇರೆ ಮಿಶ್ರಣ. ಕಿವಿಗೆ ಒಳ್ಳೆಯದು, ಗಂಟಲಿಗೂ ಒಳ್ಳೆಯದು. ಆದರೆ ಯಾರನ್ನು ಕೇಳಬೇಕು, ಯಾರನ್ನು ಬೇಡ ಎಂದು ಆರಿಸುವ ಅಧಿಕಾರವೂ ಜೊತೆಗೆ ಬಂತು. ಅದು ಬರೀ ತಾಂತ್ರಿಕ ಬದಲಾವಣೆಯಲ್ಲ ಎಂದು ನನಗೆ ಅರ್ಥವಾದದ್ದು ಟ್ಯೂಸ್‌ಡೇ ಜಂಡಲ್ಸ್ ಎಂಬ ಬ್ಯಾಂಡಿನ ಜೊತೆ.

ಸುಮಾಳಿಗೆ ಹ್ಯಾಮಿಲ್ಟನ್ ಆಸ್ಪತ್ರೆಯಲ್ಲಿ ಕೆಲಸವಾಗಿ ನಾವು ಉತ್ತರಕ್ಕೆ ಬಂದು ಅಲ್ಲಿಯ ರೊಟೊಟೂನ ಬಡಾವಣೆಯಲ್ಲಿ ಮನೆ ಮಾಡಿದ್ದೆವು. ನಮ್ಮ ಪರಿಚಯದ ಮೈಸೂರಿನ ದಂಪತಿಯ ಮಗಳು ಅನನ್ಯಾ. ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಯೂನಿವರ್ಸಿಟಿ ಓದುವಾಗ ಕ್ಯಾಲಮ್, ವಿರೆಮು ಎಂಬ ಇಬ್ಬರು ಫ್ಲಾಟ್‌ಮೇಟುಗಳ ಜೊತೆ ಬ್ಯಾಂಡ್ ಕಟ್ಟಿದಳು. ಕ್ಯಾಲಮ್ ಹಾಡು ಬರೆದು ಗಿಟಾರ್ ನುಡಿಸುತ್ತಾ ಹಾಡುವವನು. ವಿರೆಮು ಡ್ರಮ್ಸ್. ಅನನ್ಯಾ ಕೀಬೋರ್ಡಿನಲ್ಲಿ ಬಲಗೈಯಿಂದ ರಾಗ, ಎಡಗೈಯಿಂದ ಬೇಸ್ ನುಡಿಸಿ, ಕ್ಯಾಲಮ್ ದನಿಗೆ ದನಿ ಸೇರಿಸುತ್ತಿದ್ದಳು. ಮಂಗಳವಾರ ಮಂಗಳವಾರ ಗ್ಯಾರೇಜಿನಲ್ಲಿ ಅಭ್ಯಾಸ, ಮೂವರ ಕಾಲಲ್ಲೂ ಜಂಡಲ್ಸ್. ಹವಾಯಿ ಚಪ್ಪಲಿಗೆ ಈ ದೇಶದವರು ಹಾಗನ್ನುತ್ತಾರೆ. ಬ್ಯಾಂಡಿಗೆ ಹೆಸರು ಬಂದದ್ದು ಹೀಗೆ.

ಅವಳ ತಾಯಿ ಫೋನ್ ಮಾಡಿ, "ರಾಘು, ಇವಳ ಪ್ರೋಗ್ರಾಂಗೆ ಸ್ವಲ್ಪ ನಿಮ್ಮ ಸಾಮಾನು ತಗೊಂಡು ಬನ್ನಿ, ಮಕ್ಕಳು ಒದ್ದಾಡ್ತಿವೆ," ಎಂದರು. ಒಂದು ಶಾಲೆಯ ಮೈದಾನದಲ್ಲಿ, ಸಾಸೇಜ್ ಸುಡುವ ಡೇರೆಯ ಪಕ್ಕದಲ್ಲಿ ಕಾರ್ಯಕ್ರಮ. ಮೂವರಿಗೂ ಇಯರ್‌ಫೋನ್ ಕೊಟ್ಟು, "ಯಾರಿಗೆ ಏನು ಬೇಕು?" ಎಂದೆ. ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಎಲ್ಲರೂ ಬೇಕು. ಕ್ಯಾಲಮ್ ಇನ್ನೂ ಮುಂದೆ ಹೋಗಿ, "ನನಗಿಂತ ಅನೂನ ಸ್ವಲ್ಪ ಜಾಸ್ತಿ ಕೊಡಿ, ಶ್ರುತಿ ಹಿಡಿಯೋಕೆ ಅವಳೇ ಬೇಕು," ಎಂದ. ನಾನು ಅಂದೇ ಅವರ ಜೊತೆ ಉಳಿದುಬಿಟ್ಟೆ.

ಬಟ್ಟೆ ಒಣಹಾಕುವ ಹಗ್ಗದ ಬಗ್ಗೆ ಅವರದೊಂದು ಹಾಡು ಇತ್ತು. ಮಳೆ ಬಂದರೆ ಯಾರು ಓಡಿಹೋಗಿ ಬಟ್ಟೆ ತೆಗೆಯುತ್ತಾರೋ ಅವರಿಗೇ ಪ್ರೀತಿ ಹೆಚ್ಚು ಎನ್ನುವ ಹಾಡು. ಅದು ಹೇಗೆ ಹಬ್ಬಿತೋ ಗೊತ್ತಿಲ್ಲ. ಒಂದು ಬೇಸಿಗೆ ಕಳೆಯುವುದರೊಳಗೆ ಸೂಪರ್‌ಮಾರ್ಕೆಟ್ಟಿನಲ್ಲಿ, ಈಜುಕೊಳದಲ್ಲಿ, ನನ್ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲೂ ಅದೇ. ಶಾಲೆಯ ಮೈದಾನದಿಂದ ಟೌನ್ ಹಾಲ್, ಟೌನ್ ಹಾಲಿನಿಂದ ಸಮುದ್ರ ದಂಡೆಯ ದೊಡ್ಡ ದೊಡ್ಡ ಉತ್ಸವ. ಆಸ್ಟ್ರೇಲಿಯಾಕ್ಕೂ ಎರಡು ಸಲ ಹೋಗಿಬಂದೆವು.

ವೇದಿಕೆಯ ಮೇಲಿರುವವರು ಎಂಜಿನಿಯರ್ ಜೊತೆ ಗುಟ್ಟಾಗಿ ಮಾತಾಡಲು ಒಬ್ಬೊಬ್ಬರಿಗೂ ಬೇರೆಯೇ ಒಂದು ಮೈಕ್ ಇರುತ್ತದೆ. ಕಾಲಲ್ಲಿ ಸ್ವಿಚ್ ಒತ್ತಿದರೆ ಅವರ ಮಾತು ನನಗೊಬ್ಬನಿಗೇ ಕೇಳುತ್ತದೆ, ಜನರಿಗೆ ಕೇಳುವುದಿಲ್ಲ. ಅನನ್ಯಾ ಆ ಮೈಕಿನಲ್ಲಿ ಕನ್ನಡ ಮಾತಾಡಲು ಶುರುಮಾಡಿದಳು. "ಅಂಕಲ್, ನಂಗೆ ನಾನು ಕೇಳ್ತಿಲ್ಲ." "ಅಂಕಲ್, ಡ್ರಮ್ಸ್ ಕಮ್ಮಿ ಮಾಡಿ, ತಲೆನೋವ್ತದೆ." ಏಳು ವರ್ಷದ ಮಗುವಿನ ಕನ್ನಡ ಅದು, ಮನೆಯಲ್ಲಿ ನಿಲ್ಲಿಸಿದ್ದ ಜಾಗದಿಂದಲೇ ಎತ್ತಿಕೊಂಡದ್ದು. ಅವಳ ತಾಯಿಗೆ ಹೇಳಿದಾಗ, "ನನ್ನ ಹತ್ರ ಆಡದೇ ಇರೋ ಕನ್ನಡ ಸ್ಟೇಜ್ ಮೇಲೆ ಆಡ್ತಾಳಾ!" ಎಂದು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

ಕೋವಿಡ್ ಬಂದು ದೇಶದ ಗಡಿ ಮುಚ್ಚಿತು. ಹೊರಗಿನ ಬ್ಯಾಂಡುಗಳು ಬರುವಂತಿರಲಿಲ್ಲ. ಇಲ್ಲಿ ಲಾಕ್‌ಡೌನ್ ತೆರೆದಾಗ ಉತ್ಸವಗಳೆಲ್ಲ ಇಲ್ಲಿಯವರಿಗೇ ಸಿಕ್ಕವು. ಪೋಸ್ಟರುಗಳ ಮೂರನೆಯ ಸಾಲಿನಲ್ಲಿದ್ದ ಟ್ಯೂಸ್‌ಡೇ ಜಂಡಲ್ಸ್ ಹೆಸರು ಏಕಾಏಕಿ ತುತ್ತತುದಿಗೆ ಹೋಯಿತು. ಗಡಿ ತೆರೆದ ಮೇಲೆ ಹಾಗೆಯೇ ಕೆಳಗಿಳಿಯಿತು. ಮೊದಲು ಎರಡನೆಯ ಸಾಲು, ಆಮೇಲೆ ಮೂರನೆಯದು. ನುಡಿಸುವುದು ಕೆಟ್ಟಿರಲಿಲ್ಲ. ಆದರೆ ಒಮ್ಮೆ ತುದಿಯಲ್ಲಿ ನಿಂತವರಿಗೆ ಹಳೆಯ ಜಾಗಕ್ಕೆ ಮರಳುವುದು ಸೋಲಿನ ಹಾಗೆ ಕಾಣಿಸುತ್ತದೆ. ಕ್ಯಾಲಮ್ ಸೌಂಡ್‌ಚೆಕ್ಕಿಗೆ, ಎಂದರೆ ಕಾರ್ಯಕ್ರಮಕ್ಕೆ ಮುಂಚಿನ ಸದ್ದಿನ ಪರೀಕ್ಷೆಗೆ, ಅರ್ಧ ಗಂಟೆ ಮುಂಚೆಯೇ ಬರತೊಡಗಿದ.

ರೆಕಾರ್ಡಿನಲ್ಲಿ ಇರುವಷ್ಟೇ ತುಂಬಿದ ಸದ್ದು ವೇದಿಕೆಯಲ್ಲೂ ಬೇಕೆಂದು ಅವನು ಕಂಪ್ಯೂಟರ್ ತಂದ. ಬೇಸ್ ಅದರಿಂದಲೇ ಬರುತ್ತಿತ್ತು. ಮೂವರ ಕಿವಿಯಲ್ಲೂ ಟಿಕ್ ಟಿಕ್ ಎಂಬ ಲಯ. ಒಂದು ಮಧ್ಯಾಹ್ನ ಟೌರಂಗದಲ್ಲಿ ಬಿಸಿಲಿಗೆ ಕಾದು ಕಂಪ್ಯೂಟರ್ ಹಾಡಿನ ನಡುವೆಯೇ ನಿಂತುಹೋಯಿತು. ಅನನ್ಯಾ ಒಂದು ಕ್ಷಣವೂ ತಡಮಾಡದೆ ಎಡಗೈಯನ್ನು ಕೀಬೋರ್ಡಿನ ಕೊನೆಗೆ ಇಳಿಸಿ ಹಳೆಯ ಹಾಗೆ ಬೇಸ್ ನುಡಿಸಿದಳು. ವಿರೆಮು ಹಲ್ಲು ಬಿಟ್ಟು ನಗುತ್ತಾ ವೇಗ ಹೆಚ್ಚಿಸಿದ. ಜನ ಕುಣಿದರು. ಇಳಿದು ಬಂದ ಕ್ಯಾಲಮ್ ಮಾತ್ರ ಬೆವರೊರೆಸಿಕೊಂಡು, "ರ‍್ಯಾಗ್ಸ್, ಇದು ಇನ್ನೊಂದು ಸಲ ಆಗಬಾರದು," ಎಂದ. ಆ ದಿನ ಅವನಿಗೆ ಹಿಡಿದದ್ದು ಭಯ. ನಾನು ಅದನ್ನು ಸಿಟ್ಟು ಎಂದುಕೊಂಡೆ.

ಆಮೇಲೆ ಒಂದೊಂದಾಗಿ ಬದಲಾವಣೆಗಳು. ಒಂದು ಊರಿನಲ್ಲಿ ಕ್ಯಾಲಮ್ ತನ್ನ ಕಿವಿಯಿಂದ ಕೀಬೋರ್ಡ್ ತೆಗೆಸಿದ. ಇನ್ನೊಂದು ಊರಿನಲ್ಲಿ ಅನನ್ಯಾ ದನಿ ತೆಗೆಸಿದ. ಕೊನೆಗೆ ಅವನಿಗೆ ಉಳಿದದ್ದು ತನ್ನ ಗಿಟಾರ್, ತನ್ನ ದನಿ, ಆ ಟಿಕ್ ಟಿಕ್. ಅನನ್ಯಾ ಗಿಟಾರ್ ಬೇಡವೆಂದಳು. ವಿರೆಮು ತನ್ನ ಡ್ರಮ್ಸ್ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಹೊರಗೆ ಕೇಳುವವರಿಗೆ ಮೂವರೂ ಒಟ್ಟಿಗೆ ನುಡಿಸುತ್ತಿದ್ದರು. ಮೂವರೂ ಒಬ್ಬೊಬ್ಬರೇ ನುಡಿಸುತ್ತಿದ್ದಾರೆಂದು ಇಡೀ ದೇಶದಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಎರಡು ವರ್ಷ ನಾನು ಬಾಯಿಬಿಡಲಿಲ್ಲ. ಕೇಳಿದ್ದನ್ನು ಕೊಡು ಎಂದು ಗ್ರೇಮ್ ಮೊದಲ ದಿನ ಹೇಳಿದ್ದನ್ನು ನೆಪ ಮಾಡಿಕೊಂಡೆ. ಮಾತಾಡಿದರೆ ಬ್ಯಾಂಡ್ ಒಡೆದುಹೋದೀತೆಂಬ ಹೆದರಿಕೆ ಅವರಿಗಿಂತ ನನಗೇ ಹೆಚ್ಚಿತ್ತೇನೋ.

ಈಗ ನನ್ನ ದೊಡ್ಡ ತಪ್ಪಿನ ವಿಷಯ.

ಡಿಜಿಟಲ್ ಮಿಕ್ಸರಿನಲ್ಲಿ ಯಾವ ದನಿ ಎಲ್ಲಿಗೆ ಹೋಗಬೇಕೆಂಬುದನ್ನು ಫೈಲ್ ಮಾಡಿ ಇಟ್ಟುಕೊಳ್ಳುತ್ತೇವೆ. ನನ್ನ ಹತ್ತಿರ ಎರಡು ಫೈಲ್ ಇದ್ದವು. ಅಭ್ಯಾಸದ ಫೈಲಿನಲ್ಲಿ ಆ ಗುಟ್ಟಿನ ಮೈಕ್ ಎಲ್ಲರ ಕಿವಿಗೂ ಹೋಗುತ್ತಿತ್ತು, ಅಭ್ಯಾಸದ ನಡುವೆ ಅವರು ಪರಸ್ಪರ ಮಾತಾಡಲಿ ಎಂದು. ಪ್ರದರ್ಶನದ ಫೈಲಿನಲ್ಲಿ ಅದು ನನಗೊಬ್ಬನಿಗೆ. ಹಾಕ್ಸ್ ಬೇ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ಮಧ್ಯಾಹ್ನದ ಕಾರ್ಯಕ್ರಮವಿತ್ತು. ಎರಡು ಫೈಲಿಗೂ ಹೆಚ್ಚುಕಡಿಮೆ ಒಂದೇ ಹೆಸರಿಟ್ಟಿದ್ದ ನಾನು ಅವಸರದಲ್ಲಿ ಅಭ್ಯಾಸದ್ದನ್ನು ಹಾಕಿಬಿಟ್ಟೆ. ಸೌಂಡ್‌ಚೆಕ್ಕಿನಲ್ಲಿ ಯಾರೂ ಆ ಮೈಕ್ ಮುಟ್ಟಲಿಲ್ಲ. ಗೊತ್ತಾಗಲಿಲ್ಲ.

ಆರನೆಯ ಹಾಡು ಮುಗಿದು ಜನ ಚಪ್ಪಾಳೆ ತಟ್ಟುತ್ತಿದ್ದಾಗ ಅನನ್ಯಾ ಸ್ವಿಚ್ ಒತ್ತಿದಳು. ಬೆನ್ನು ಜನರ ಕಡೆಗಿತ್ತು.

"ಅಂಕಲ್, ನಂಗೆ ಸಾಕಾಗಿದೆ. ನಂಗೆ ಬೇಡ ಇದು. ಈ ಟೂರ್ ಆದ್ಮೇಲೆ ನಾನು ಬರಲ್ಲ. ಕ್ಯಾಲಮ್‌ಗೆ ಹೇಗೆ ಹೇಳೋದು ಗೊತ್ತಾಗ್ತಿಲ್ಲ."

ಅಳುತ್ತಿದ್ದಳು. ಕ್ಯಾಲಮ್ ಗಿಟಾರಿನಿಂದ ತಲೆ ಎತ್ತಿದ್ದನ್ನು ನೋಡಿದ ಕೂಡಲೇ ನನಗೆ ಆದದ್ದೇನೆಂದು ಹೊಳೆಯಿತು. ಕನ್ನಡ ಅವನಿಗೆ ಬಾರದು, ಆದರೆ ತನ್ನ ಹೆಸರು ಅರ್ಥವಾಗುತ್ತದೆ. ಅವನು ತನ್ನ ಮೈಕಿನ ಸ್ವಿಚ್ ಒತ್ತಿದ.

"ರ‍್ಯಾಗ್ಸ್, ಏನಂದ್ಲು ಅವಳು?"

"ಕೀಬೋರ್ಡ್ ಕಮ್ಮಿ ಕೇಳ್ತಿದೆಯಂತೆ," ಎಂದು ನನ್ನ ಮೈಕಿನಲ್ಲಿ ಹೇಳಿಬಿಟ್ಟೆ.

"ಅದಕ್ಕೆ ನನ್ನ ಹೆಸರ್ಯಾಕೆ? ಮೇಟ್, ಅವಳು ಅಳ್ತಿದಾಳೆ."

ಈ ಮಾತುಕತೆಯೂ ಎಲ್ಲರ ಕಿವಿಗೆ ಹೋಗುತ್ತಿತ್ತು. ಅನನ್ಯಾ ನನ್ನ ಕಡೆ ತಿರುಗಿ ನೋಡಿದಳು. ನನ್ನ ತಪ್ಪು, ನನ್ನ ಸುಳ್ಳು ಎರಡೂ ಅವಳಿಗೆ ಒಟ್ಟಿಗೇ ಗೊತ್ತಾಗಿತ್ತು. ನಾನು ಏನಾದರೂ ಹೇಳುವ ಮೊದಲೇ ಕಂಪ್ಯೂಟರ್ ನಾಲ್ಕು ಎಣಿಸಿ ಮುಂದಿನ ಹಾಡು ಶುರುಮಾಡಿತು. ಮೂವರೂ ನುಡಿಸಿದರು. ಸರಿಯಾದ ಫೈಲ್ ಹಾಕಿದೆ. ಉಳಿದ ಐದು ಹಾಡುಗಳ ಅವಧಿಯಲ್ಲಿ ನನ್ನ ಕಣ್ಣು ಅವರ ಮುಖದ ಮೇಲೆ ನಿಲ್ಲಲಿಲ್ಲ.

ವೇದಿಕೆಯ ಹಿಂದೆ ಹಡಗಿನ ಸರಕಿನ ಒಂದು ಹಳೆಯ ಕಂಟೇನರನ್ನು ಕಲಾವಿದರ ಕೋಣೆ ಮಾಡಿದ್ದರು. ನಾನು ಹೋದಾಗ ಮೂವರೂ ಒಳಗೆ ಮೂರು ಮೂಲೆಯಲ್ಲಿ ನಿಂತಿದ್ದರು.

"ಏನಂದ್ಲು ಹೇಳು," ಎಂದ ಕ್ಯಾಲಮ್.

"ಫೈಲ್ ತಪ್ಪು ಹಾಕಿದ್ದು ನಾನು. ಕೀಬೋರ್ಡಿನ ಮಾತು ಸುಳ್ಳು. ಎರಡಕ್ಕೂ ಕ್ಷಮೆ ಕೇಳ್ತೀನಿ," ಎಂದೆ. "ಅವಳು ಹೇಳಿದ್ದನ್ನ ನಾನು ಹೇಳಲ್ಲ. ಅದು ಅವಳ ಮಾತು."

"ನೀವು ಹೋಗ್ಬೇಡಿ ಅಂಕಲ್," ಎಂದಳು ಅನನ್ಯಾ ಕನ್ನಡದಲ್ಲಿ. ಆಮೇಲೆ ಕ್ಯಾಲಮ್ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಒಂದು ಶಬ್ದವೂ ಬಿಡದೆ ಹೇಳಿದಳು. ವೇದಿಕೆ ಹತ್ತುವ ಮುಂಚೆ ಪ್ರತಿ ಸಲ ವಾಂತಿಯಾಗುತ್ತಿದೆ, ಹಾಡುಗಳ ಮೇಲಿನ ಪ್ರೀತಿ ಹೋಗುವ ಮುಂಚೆ ನಿಲ್ಲಿಸಬೇಕು, ಎಂದಳು.

ಕ್ಯಾಲಮ್ ಗಿಟಾರ್ ಪೆಟ್ಟಿಗೆಯ ಮೇಲೆ ನಿಧಾನವಾಗಿ ಕೂತ. ಈಗ ಕೂಗುತ್ತಾನೆ ಎಂದು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಒಂದು ವರ್ಷದಿಂದ ನನಗೆ ಒಂದು ಹಾಡೂ ಬರೆಯೋಕಾಗಿಲ್ಲ," ಎಂದ. "ಹೊಸದು ಬರ್ತಿದೆ, ಬರ್ತಿದೆ ಅಂತ ನಿಮಗೆ ಸುಳ್ಳು ಹೇಳ್ಕೊಂಡು ಬಂದೆ. ನಾನು ನಿಲ್ಲಿಸಿದರೆ ನಿಮ್ಮಿಬ್ಬರ ಗತಿ ಏನು ಅಂತ."

ವಿರೆಮುಗೆ ಇದ್ದಕ್ಕಿದ್ದ ಹಾಗೆ ನಗು ಬಂತು. ನಗುತ್ತಲೇ ತನ್ನ ಚೀಲದ ತಳದಿಂದ ಮಡಿಕೆ ಮಡಿಕೆಯಾದ ಕಾಗದ ತೆಗೆದು ಕ್ಯಾಲಮ್ ಕೈಗಿಟ್ಟ. ಮೇಷ್ಟ್ರ ತರಬೇತಿಗೆ ಸೀಟು ಸಿಕ್ಕಿದ ಪತ್ರ. "ಎರಡು ತಿಂಗಳಿಂದ ಹೊತ್ಕೊಂಡು ತಿರುಗ್ತಿದೀನಿ. ನಿಮ್ಮಿಬ್ಬರಿಗೆ ಹೇಗೆ ಹೇಳೋದು ಅಂತ ಡ್ರಮ್ಸ್ ಹಿಂದೆ ಕೂತು ಯೋಚಿಸ್ತಿದ್ದೆ," ಎಂದ.

ಮೊದಲು ಅನನ್ಯಾ ನಕ್ಕಳು, ಆಮೇಲೆ ಕ್ಯಾಲಮ್. ನಕ್ಕು ನಕ್ಕು ಅವನು ಕಣ್ಣು ಒರೆಸಿಕೊಂಡ. ನಾನು ಬಾಗಿಲ ಚೌಕಟ್ಟು ಬಿಟ್ಟೆ.

ಜನರಿಗೆ ಏನೆಂದು ಹೇಳುವುದು ಎಂಬ ಚರ್ಚೆ ವಾರವಿಡೀ ನಡೆಯಿತು. ಒಡೆದೆವು ಎನ್ನಲು ಯಾರಿಗೂ ಮನಸ್ಸಿಲ್ಲ, ಏಕೆಂದರೆ ಒಡೆದಿರಲಿಲ್ಲ. ಪತ್ರಿಕೆಯವರು ಬಳಸುವ ಹಯೇಟಸ್ ಎಂಬ ಪದ ಇಡೋಣ ಎಂದ ಕ್ಯಾಲಮ್. ನಮ್ಮ ಮನೆಯಲ್ಲಿ ಈ ಮಾತು ಬಂದಾಗ ಸುಮಾ, "ಅಯ್ಯೋ, ಅದು ಹೊಟ್ಟೆಯ ಹರ್ನಿಯಾ ಹೆಸರಲ್ವಾ!" ಎಂದಳು. ಕನ್ನಡದಲ್ಲಿ ಏನನ್ನುತ್ತೀರಿ ಎಂದು ಅನನ್ಯಾ ಕೇಳಿದಳು. ಬಿಡುವು ಎಂದೆ. "ಬಿಡುವು," ಎಂದು ಎರಡು ಸಲ ಹೇಳಿನೋಡಿದಳು. "ಅದ್ರಲ್ಲಿ ಬಿಡೋದೂ ಇದೆ," ಎಂದಳು. ಕೊನೆಗೆ ಪ್ರಕಟಣೆಯಲ್ಲಿ ಹಯೇಟಸ್ ಎಂದೇ ಹಾಕಿದರು. ಅಭಿಮಾನಿಗಳು ಕೆಲವರು ಅತ್ತರು, ಕೆಲವರು ಬೈದರು, ಒಬ್ಬಾಕೆ ಮೂವರಿಗೂ ಸ್ವೆಟರ್ ಹೆಣೆದು ಕಳಿಸಿದಳು.

ಉಳಿದಿದ್ದ ನಾಲ್ಕು ಪ್ರದರ್ಶನಗಳಿಗೆ ಕ್ಯಾಲಮ್ ಕಂಪ್ಯೂಟರ್ ತರಲಿಲ್ಲ. ಮೊದಲ ಸೌಂಡ್‌ಚೆಕ್ಕಿನಲ್ಲಿ ಒಂದು ಕಿವಿಯ ಇಯರ್‌ಫೋನ್ ಕಿತ್ತು ಕೈಯಲ್ಲಿ ಹಿಡಿದುಕೊಂಡು, "ಅನೂನ ಹಾಕು ರ‍್ಯಾಗ್ಸ್. ವಿರೆಮುನೂ ಹಾಕು," ಎಂದ. ಆ ನಾಲ್ಕು ದಿನ ಅವರು ತಪ್ಪು ಮಾಡಿದಷ್ಟು ಹಿಂದೆಂದೂ ಮಾಡಿರಲಿಲ್ಲ. ಪದ ಮರೆತರು, ಒಂದು ಹಾಡನ್ನು ಎರಡು ಸಲ ಶುರುಮಾಡಿದರು. ಅಷ್ಟು ಚೆನ್ನಾಗಿಯೂ ಹಿಂದೆಂದೂ ನುಡಿಸಿರಲಿಲ್ಲ. ಕೊನೆಯ ದಿನ ಅವರ ಜೊತೆಗೆ ನಾನೂ ಕೆಲಸ ಬಿಟ್ಟೆ. ಮೊಣಕಾಲು ಬಹಳ ದಿನಗಳಿಂದ ಅದನ್ನೇ ಹೇಳುತ್ತಿತ್ತು.

ಈ ಕೆಲಸಕ್ಕೆ ಬರುವ ಹುಡುಗಿಯರೇ, ಫೈಲುಗಳಿಗೆ ಸರಿಯಾದ ಹೆಸರಿಡಿ. ಕಾರ್ಯಕ್ರಮಕ್ಕೆ ಮುಂಚೆ ಪ್ರತಿಯೊಂದು ಮೈಕನ್ನೂ ನೀವೇ ಹೋಗಿ ಪರೀಕ್ಷಿಸಿ. ಇನ್ನೊಂದು ಮಾತಿನ ಬಗ್ಗೆ ನನಗೇ ಖಚಿತವಿಲ್ಲ. ಒಬ್ಬರು ಇನ್ನೊಬ್ಬರನ್ನು ಕಿವಿಯಿಂದ ತೆಗೆಸಿದ ಮೊದಲ ದಿನವೇ, ಯಾಕೆ ಎಂದು ಕೇಳಬೇಕಿತ್ತೇ? ಅದು ಎಂಜಿನಿಯರಿನ ಕೆಲಸವಲ್ಲ ಎನ್ನುವವರಿದ್ದಾರೆ. ನಾನು ಕೇಳಲಿಲ್ಲ. ನನ್ನ ಎಡವಟ್ಟಿನಿಂದ ಒಳ್ಳೆಯದಾಯಿತು ಎಂಬುದು ಅದೃಷ್ಟ, ಜಾಣತನವಲ್ಲ. ಇನ್ನೊಂದು ಬ್ಯಾಂಡಿನಲ್ಲಿ ಅದೇ ತಪ್ಪು ಹೊಡೆದಾಟಕ್ಕೆ ತಿರುಗಬಹುದಿತ್ತು.

ಹೋದ ಶನಿವಾರ ಮೂವರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅನನ್ಯಾ ಈಗ ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿ ಮನೆ ಮಾಡಿ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಾಳೆ. ಅಲ್ಲಿಯ ಅಂಗಡಿಯಿಂದ ಸುಮಾಳಿಗೆ ತಾಜಾ ಕರಿಬೇವು ತಂದಿದ್ದಳು. ವಿರೆಮು ತನ್ನ ತರಗತಿಯ ಗಲಾಟೆಯ ಕಥೆ ಹೇಳುತ್ತಿದ್ದ. ಕ್ಯಾಲಮ್ ತನ್ನ ಎಂಟು ತಿಂಗಳ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನಕ್ಕೆ ಸಾರು ಕಲೆಸುತ್ತಿದ್ದ. ಸಂಗೀತದ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಬಿಗಿಹಿಡಿದೂ ಇರಲಿಲ್ಲ.

ಊಟದ ನಡುವೆ ಕ್ಯಾಲಮ್ ಫೋನ್ ರಿಂಗಾಯಿತು. ರೇಡಿಯೊದವರು. ಎರಡೂ ಕೈ ಅಂಟಾಗಿದ್ದರಿಂದ ವಿರೆಮು ಸ್ಪೀಕರಿಗೆ ಹಾಕಿ ಹಿಡಿದ. ಬೇಸಿಗೆಯ ಉತ್ಸವಗಳು ಹತ್ತಿರವಾಗುತ್ತಿವೆ, ಟ್ಯೂಸ್‌ಡೇ ಜಂಡಲ್ಸ್ ಮತ್ತೆ ಯಾವಾಗ ಎಂದು ಆ ಕಡೆಯ ಹೆಣ್ಣುಮಗಳು ಕೇಳಿದಳು.

"ಗೊತ್ತಿಲ್ಲ," ಎಂದ ಕ್ಯಾಲಮ್.

ಅವಳು ನಂಬಲಿಲ್ಲ. ಉಳಿದಿಬ್ಬರು ಏನೆನ್ನುತ್ತಾರೆ ಎಂದು ಕೇಳಿದಳು.

"ನನಗೂ ಗೊತ್ತಿಲ್ಲ," ಎಂದ ವಿರೆಮು ಫೋನಿನ ಕಡೆ ಬಗ್ಗಿ. ಅನನ್ಯಾ ಬಾಯಿತುಂಬ ಅನ್ನ ಇಟ್ಟುಕೊಂಡೇ ತನಗೂ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಮುಖದಲ್ಲೂ ಅಂಜಿಕೆ ಇರಲಿಲ್ಲ. ಫೋನ್ ಇಟ್ಟ ಮೇಲೆ ಅನನ್ಯಾ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಅಂಕಲ್, ಇನ್ನೊಂದು ಸ್ವಲ್ಪ ಸಾರು ಹಾಕಿ," ಎಂದಳು.